ನಾಲ್ಕು ಜನ ಅಂತ ಬರೆಯುವ ಮೊದಲು

ಬಂಗಾರಪೇಟೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ, ಎಂಬತ್ತರ ದಶಕದಲ್ಲಿ, ಜನಗಣತಿಗೆ ನನ್ನನ್ನು ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನುಗಳಿಗೆ, ಅಂದರೆ ಸಾಲುಮನೆಗಳಿಗೆ, ಹಾಕಿದ್ದರು. ಒಂದು ಮನೆಯಾಕೆ ಸ್ಟೂಲು ಕೊಟ್ಟು ಕಾಫಿ ತಂದಿಟ್ಟರು. “ಮನೆಯಲ್ಲಿ ಎಷ್ಟು ಜನ?” ಎಂದೆ.

“ನಾವಿಬ್ರು, ಎರಡು ಮಕ್ಳು ಸಾ. ಯಜಮಾನ್ರು ಗಣಿ ಒಳಗವ್ರೆ. ನಾಲ್ಕು ಬರ್ಕಳಿ.”

ಪೆನ್ನು ಊರುವಷ್ಟರಲ್ಲಿ ನೆಲವೇ ಎದ್ದು ಕೂತಂತಾಯಿತು. ಗೋಡೆ ಅದುರಿತು, ಪಾತ್ರೆಗಳು ಗಲಗಲ ಅಂದವು. ನಾನು ಬೀದಿಯಲ್ಲಿದ್ದೆ, ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ತಿರುಗಿ ನೋಡಿದರೆ ಆಕೆ ನನ್ನ ಕಾಫಿ ಲೋಟ ಚೆಲ್ಲದಂತೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

“ಕೆಳಗೆ ಗಣೀಲಿ ಬಂಡೆ ತಾನಾಗೇ ಸಿಡೀತು ಸಾ, ಆಗಾಗ ಹಿಂಗಾಯ್ತದೆ. ಬನ್ನಿ ಒಳಕ್ಕೆ.”

ನನಗೆ ಸಿಟ್ಟು ಬಂತು. “ಇಷ್ಟು ಅದುರಿದರೂ ಗಣಿಯವರು ಒಂದು ಸೈರನ್ ಕೂಗಿಸಲಿಲ್ಲವಲ್ಲ! ಎಂಥ ಜನ!”

“ಬಿಡ್ತು ಅನ್ನಿ ಸಾ! ಒಳಗೆ ಯಾರಿಗಾದ್ರೂ ಏನಾದ್ರೂ ಆದ್ರೇನೇ ಅದು ಹೊತ್ತಲ್ಲದ ಹೊತ್ನಲ್ಲಿ ಕೂಗೋದು.”

ನನಗೆ ಸೈರನ್ ಅಂದರೆ ಓಡಿಹೋಗಿ ಅನ್ನುವ ಎಚ್ಚರಿಕೆ. ಆಕೆಗೆ ಅದು ಕೂಗದಿರುವುದೇ ಗಂಡ ಕಳಿಸಿದ ಸುದ್ದಿ. ಅಕ್ಕಪಕ್ಕದ ಹೆಂಗಸರೂ ಹೊಸಿಲ ಮೇಲೆ ನಿಂತು ಕಿವಿಗೊಟ್ಟಿದ್ದರು. ನಾನೂ ಕಿವಿಗೊಟ್ಟೆ. ಬಹಳ ಹೊತ್ತಾದರೂ ಸೈರನ್ ಕೂಗಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಒಲೆಯ ಕಡೆ ಹೊರಟರು.

ಆಕೆ ಲೋಟವನ್ನು ನನ್ನ ಕೈಗಿಟ್ಟರು. “ಈಗ ಬರ್ಕಳಿ ಸಾ. ನಾಲ್ಕು ಜನ.”

ಖುಷಿಯಿಂದಲೇ ಬರೆದೆ, ಆದರೆ ಕೈ ಇನ್ನೂ ನಡುಗುತ್ತಿತ್ತು. ಮರುದಿನ ಆ ಸೊಟ್ಟ ಬರಹ ನೋಡಿ ನಮ್ಮ ಮೇಲ್ವಿಚಾರಕರು ಕನ್ನಡಕ ಏರಿಸಿದರು: “ನಿಜ ಹೇಳಿ ಮೇಷ್ಟ್ರೇ, ಮನೆಮನೆಗೆ ಹೋಗಿದ್ರೋ, ಬಸ್ಸಲ್ಲಿ ಕೂತೇ ಬರೆದು ಮುಗಿಸಿದ್ರೋ?”