ದೊಡ್ಡವ್ವ ಸರಿಸಿದ ಹಂಡೆ

ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಈಗೊಂದು ರೊಟ್ಟಿಯಂಗಡಿ ಬಂದಿದೆ. ಬೆಳಿಗ್ಗೆ ಏಳಕ್ಕೆಲ್ಲ ಜೋಳದ ರೊಟ್ಟಿ ಬಡಿಯುವ ಸದ್ದು, ಅದರ ಹಿಂದೆಯೇ ಸುಟ್ಟ ಹಿಟ್ಟಿನ ವಾಸನೆ ಮೇಲೇರಿ ಬರುತ್ತದೆ. ಕೈಯಲ್ಲಿನ ಚಹಾ ಆರಿಹೋಗುತ್ತದೆ. ನಾನು ಮತ್ತೆ ಕಳವಾ ಎಂಬ ಊರಿನಲ್ಲಿ, ಬಾಲ್ಯದ ಆ ಸಾಲುಖೋಲಿಗಳ ಚಾಳಿನಲ್ಲಿರುತ್ತೇನೆ. ಹತ್ತಡಿಯ ಖೋಲಿ, ಮೂಲೆಯಲ್ಲಿ ಸ್ಟೋವು, ಅದರ ಮುಂದೆ ಸೆರಗು ಸಿಕ್ಕಿಸಿ ಕೂತ ದೊಡ್ಡವ್ವ, ನನ್ನ ಅವ್ವನ ಅಕ್ಕ. ಅಪ್ಪ ಅವ್ವ ಇಬ್ಬರೂ ದುಡಿಯಲು ಹೋಗುತ್ತಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ವಿಜಯಪುರದ ಕಡೆಯಿಂದ ಕೂಲಿಗೆ ಬಂದವರು ಯಾರೇ ಬಾಗಿಲಲ್ಲಿ ನಿಂತರೂ, "ಮೊದ್ಲ ಉಣ್ಣು, ಆಮ್ಯಾಲ ಮಾತಾಡು" ಎಂದು ತನ್ನ ತಟ್ಟೆಯ ರೊಟ್ಟಿ ಎತ್ತಿ ಕೊಡುತ್ತಿದ್ದಳು. ನಿಮ್ಮ ಬಾಲ್ಯದಲ್ಲೂ ಇಂಥವಳೊಬ್ಬಳು ಇದ್ದಿರಬೇಕು.

ಚಾಳಿಗೆಲ್ಲ ಒಂದೇ ನಳ, ಬೆಳಿಗ್ಗೆ ಒಂದು ತಾಸು ನೀರು. ಹೆಂಗಸರು ಹಿಂದಿನ ಸಂಜೆಯೇ ಹಂಡೆಗಳನ್ನು ಸಾಲಾಗಿ ಇಟ್ಟು ಹೋಗುತ್ತಿದ್ದರು. ಹಂಡೆ ನಿಂತರೆ ಮನುಷ್ಯರೇ ನಿಂತಂತೆ, ಇನ್ನೊಬ್ಬರು ಮುಟ್ಟುವಂತಿಲ್ಲ. ದೊಡ್ಡವ್ವ ಮುಟ್ಟುತ್ತಿದ್ದಳು. ಎಲ್ಲರಿಗಿಂತ ಮೊದಲೆದ್ದು, ಅತ್ತಿತ್ತ ನೋಡಿ, ತನ್ನದನ್ನು ಎರಡು ಹಂಡೆ ಮುಂದಕ್ಕೆ ಸರಿಸುತ್ತಿದ್ದಳು. ಒಂದು ದಿನ ಪಕ್ಕದ ಖೋಲಿಯ ಶಾಂತಾಬಾಯಿಯ ಪಾಳಿ ಬರುವಷ್ಟರಲ್ಲಿ ನೀರು ನಿಂತುಹೋಯಿತು. ಮನೆಯಲ್ಲಿ ಬಾಣಂತಿ ಮಗಳು. ಶಾಂತಾಬಾಯಿ ಅಳುತ್ತಲೇ ಕೂಗಾಡಿದಳು. "ಎಲ್ಲವ್ವನ ಆಣಿ, ನಾ ಮುಟ್ಟಿಲ್ಲ" ಎಂದ ದೊಡ್ಡವ್ವನ ದನಿ ಒಂದಿಷ್ಟೂ ನಡುಗಲಿಲ್ಲ. ಕಿಟಕಿಯಿಂದ ಎಲ್ಲ ನೋಡಿದ್ದ ನಾನು ಬಾಯಿ ಬಿಡಲಿಲ್ಲ. ಆ ಬಾಣಂತಿಗೆ ತಿಂಗಳ ತನಕ ಬಿಸಿ ರೊಟ್ಟಿ, ಮೆಂತ್ಯದ ಪಲ್ಲೆ ಒಯ್ದು ಕೊಟ್ಟವಳೂ ದೊಡ್ಡವ್ವನೇ. ಹಾಗಂತ ಹಂಡೆ ಸರಿಸುವುದನ್ನು ಬಿಟ್ಟಳೇ? ಮರುದಿನವೇ ಸರಿಸಿದಳು!

ದೊಡ್ಡವ್ವ ತೀರಿಕೊಂಡ ಮೇಲೆ ಇದನ್ನೆಲ್ಲ ಹೆಸರು ಬದಲಿಸಿ ನನ್ನ ಕಾದಂಬರಿಯಲ್ಲಿ ಬರೆದೆ. ಘೋಡಬಂದರ್ ರಸ್ತೆಯಲ್ಲಿರುವ ಅವಳ ಮಗ ಬಸಣ್ಣ ಹಸ್ತಪ್ರತಿ ಓದಿ ಫೋನ್ ಮಾಡಿದ. "ತಂಗಿ, ಅವ್ವನ್ನ ಕಳ್ಳಿ ಮಾಡಬ್ಯಾಡವಾ. ಆ ಹಂಡೇದ ಮಾತು ತಗದ್ಹಾಕು, ಉಳಿದದ್ದು ಏಕದಮ್ ಮಸ್ತ್ ಐತಿ. ಇಟ್ಟಿ ಅಂದ್ರ ನಮ್ಮ ಮನಿ ಕಡೆ ಬರಬ್ಯಾಡ." ಒಡಹುಟ್ಟಿದವನಿಗಿಂತ ಹೆಚ್ಚಿನವನು. ಅವನ ಮಾತಿಗೆ ಸೋತು ಒಮ್ಮೆ ತೆಗೆದೂ ನೋಡಿದೆ. ಪುಟದಲ್ಲಿ ಉಳಿದದ್ದು ಗೋಡೆಯ ಮೇಲೆ ಹಾರ ಹಾಕಿದ ಫೋಟೊ. ಅವಳು ಕೊಡುವ ರೊಟ್ಟಿಗೂ ರುಚಿಯಿರಲಿಲ್ಲ. ಒಂದು ಹಂಡೆ ನೀರಿಗಾಗಿ ದೇವರ ಆಣೆ ಹಾಕಿ ಸುಳ್ಳು ಹೇಳುವವಳು ತನ್ನ ತಟ್ಟೆಯದನ್ನು ಎತ್ತಿ ಕೊಟ್ಟಾಗಲ್ಲವೇ ನನ್ನ ಎದೆ ತುಂಬಿ ಬಂದದ್ದು? ಇಲ್ಲ ಬಸಣ್ಣ, ತೆಗೆಯುವುದಿಲ್ಲ. ಸಿಟ್ಟು ಮಾಡಿಕೊ, ಮಾತು ಬಿಡು, ನಿನ್ನವ್ವನನ್ನು ಇನ್ನೊಮ್ಮೆ ಸಾಯಿಸಲು ನನ್ನಿಂದಾಗದು.

ಚಾಳು ಈಗಿಲ್ಲ. ಅಲ್ಲಿ ಎದ್ದಿರುವ ಕಟ್ಟಡದಲ್ಲಿ ಮನೆಗೆ ಮೂರು ಮೂರು ನಳ. ಈ ವರ್ಷ ರಾಖಿ ಹಬ್ಬಕ್ಕೆ ಬಸಣ್ಣನ ಮನೆಯಿಂದ ಕರೆ ಬರಲಿಲ್ಲ. ತಂದಿಟ್ಟ ರಾಖಿ ಮೇಜಿನ ಮೇಲೇ ಉಳಿಯಿತು, ನೋಡಿ ಅಳು ಬಂತು. ಕಣ್ಣೊರೆಸಿಕೊಂಡು ಹಸ್ತಪ್ರತಿಯ ಆ ಪುಟವನ್ನೇ ತೆರೆದು ಓದಿದೆ. ದೊಡ್ಡವ್ವ ಅಲ್ಲೇ ಇದ್ದಳು. ಅತ್ತಿತ್ತ ನೋಡಿ, ಹಂಡೆಗೆ ಕೈ ಹಾಕುತ್ತಿದ್ದಳು.