ಕ್ಯಾಂಟೀನಿನ ನೆಲಕ್ಕೆ ಹಾಸಿದ ಡೇಟಾಬೇಸ್

ತೊಂಬತ್ತರ ದಶಕದಲ್ಲಿ ಪಿಲ್ಲಗುಂಪೆಯ ಒಂದು ಬಕೆಟ್ ಕಾರ್ಖಾನೆಯಲ್ಲಿ ನಾನು ಅಡುಗೆಯವಳಾಗಿದ್ದೆ. ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬಳು ಹುಡುಗಿ ಇದ್ದಳು. ಕೆಲಸಗಾರರು, ಸಾಮಾನು, ರಜೆ, ಊಟ, ಎಲ್ಲದರ ವಿವರವನ್ನೂ ಅವಳೇ ಅದರಲ್ಲಿ ತುಂಬಿದ್ದಳು. ಅದಕ್ಕೆ ಡೇಟಾಬೇಸ್ ಅನ್ನುತ್ತಿದ್ದರು. ಯಾರು ಏನು ಕೇಳಿದರೂ ಅದಕ್ಕೊಂದು ಹೊಸ ಚೌಕ ಸೇರಿಸುತ್ತಿದ್ದಳು. ಆಗಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕೊನೆಕೊನೆಗೆ ಅದು ಒಂದು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ನನ್ನ ಅನ್ನ ಬೆಂದಿರುತ್ತಿತ್ತು.

ಇದು ಅತಿಯಾಗಿ ಗೋಜಲಾಗಿದೆಯೋ ಇಲ್ಲವೋ ನೋಡಲು ಮ್ಯಾನೇಜರು ಬೆಂಗಳೂರಿನಿಂದ ಒಬ್ಬರನ್ನು ಕರೆಸಿದರು. ಅವರು ಗೋಜಲು ಅಂದುಬಿಟ್ಟರೆ ಎಲ್ಲ ಅಳಿಸಿ ಬೇರೆಯವರಿಂದ ಮಾಡಿಸುವುದು, ಹುಡುಗಿಯನ್ನು ಮನೆಗೆ ಕಳಿಸುವುದು.

ಡೇಟಾಬೇಸಿನ ನಕ್ಷೆ ಹಿಡಿಸುವಷ್ಟು ಜಾಗ ಕ್ಯಾಂಟೀನಿನಲ್ಲಿ ಮಾತ್ರ ಇತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ಕಾಗದಕ್ಕೆ ಕಾಗದ ಅಂಟಿಸಿ ನೆಲದ ತುಂಬ ಹಾಸಿದರು. ಮನೆಗಳಂಥ ಚೌಕಗಳು, ಓಣಿಗಳಂಥ ಗೆರೆಗಳು. ಫ್ಯಾನಿನ ಗಾಳಿಗೆ ಊರಿಗೆ ಊರೇ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ಮಲಗಿದವರ ಹೊಟ್ಟೆಯ ಹಾಗೆ.

"ಯಾರಾದ್ರೂ ಒಬ್ರ ವಿವರ ಹಿಡ್ಕೊಂಡು ಕೊನೇವರೆಗೂ ಹೋಗೋಣ. ಅಮ್ಮ, ನೀವೇ ಬನ್ನಿ," ಅಂದರು ಬೆಂಗಳೂರಿನಿಂದ ಬಂದವರು.

"ಚಪ್ಪಲಿ ಬಿಡ್ಲಾ ಸಾರ್?"

"ಬಿಡಿ."

ಹುಡುಗಿ ಗೆರೆ ತೋರಿಸಿ, ನನ್ನ ಬಗ್ಗೆ ಬರೆದದ್ದನ್ನು ಓದಿ ಹೇಳಿದಂತೆ ನಾನು ನಡೆದೆ. ಮೊದಲ ಚೌಕದಲ್ಲಿ ನಾನು ಬೂದಿಗೆರೆಯವಳು, ನನ್ನಪ್ಪನ ಮಗಳು. ಇನ್ನೊಂದರಲ್ಲಿ ನಂದಗುಡಿಯವಳು, ಗಂಡನ ಹೆಂಡತಿ, ವಯಸ್ಸು ಬೇರೆ. ಮತ್ತೊಂದರಲ್ಲಿ ಬರೀ ಅಡುಗೆಯವಳು. ಯಾರು ಹೇಗೆ ಕೇಳಿದ್ದರೋ ಹಾಗೆ ಹೇಳಿದ್ದೆ. ಉರಿಬಿಸಿಲಲ್ಲಿ ಗುರುತಿಲ್ಲದ ಊರಿಗೆ ಹೋಗಿ, ಒಂದೊಂದು ಜಗಲಿಯ ಮೇಲೂ ನಾನೇ ಕೂತಿರುವುದನ್ನು ಕಂಡಂತಾಯಿತು.

"ಅಕ್ಕ, ನಿಮ್ಮ ಯಜಮಾನ್ರು ಇಲ್ಲಿ ಇನ್ನೂ ಇದಾರೆ," ಅಂದಳು ಹುಡುಗಿ, ಸಣ್ಣ ದನಿಯಲ್ಲಿ.

"ಇದ್ರೆ ಇರ್ಲಿ ಬಿಡಮ್ಮ. ಅಲ್ಲಿದ್ಕೊಂಡು ಮುದ್ದೆ ಏನ್ ಕೇಳಲ್ವಲ್ಲ."

ಬಂದವರು ನಕ್ಕರು. ಆಮೇಲೆ ಮೂಲೆಯ ಒಂದು ಚೌಕ ತೋರಿಸಿ, "ಇದು ಯಾಕಿದೆ?" ಅಂದರು.

ಹುಡುಗಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದಳು. "ಗೊತ್ತಿಲ್ಲ ಸಾರ್. ನಾನೇ ಮಾಡಿದ್ದು. ಯಾಕೆ ಅಂತ ಮರ್ತೋಗಿದೆ."

ಮುಗಿಯಿತು ಇವಳ ಕೆಲಸ ಅಂದುಕೊಂಡೆ.

"ತುಂಬಾನೇ ಗೋಜಲಾಗಿದೆ," ಅಂದರು ಅವರು. "ಆದ್ರೆ ಹೊಸಬರು ಬಂದ್ರೆ ಯಾವುದು ಬೇಕು, ಯಾವುದು ಬೇಡ ಅನ್ನೋದೇ ತಿಳಿಯಲ್ಲ. ನೀವೇ ಬಿಡಿಸ್ಬೇಕು. ಯಾಕಿದೆ ಅಂತ ಹೇಳಕ್ಕಾಗದ್ದನ್ನ ಮೊದ್ಲು ತೆಗೀರಿ. ಮ್ಯಾನೇಜರ್‌ಗೆ ನಾನು ಹೇಳ್ತೀನಿ."

ಅವರು ಹೋದ ಮೇಲೆ ಹುಡುಗಿ ಮೂಗು ಒರೆಸಿಕೊಂಡು, ಹಾಲಿನ ಪ್ಯಾಕೆಟ್ ಕತ್ತರಿಸುವ ನನ್ನ ಕತ್ತರಿ ಕೇಳಿದಳು. ಕಾಗದದ ಮೇಲೇ ಕೂತು, ಬೇಡದ ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು. ನನ್ನ ಚೌಕಗಳ ಹತ್ತಿರ ಬಂದಾಗ ಕೈ ನಿಂತಿತು.

"ಅಕ್ಕ, ಈ ಮೂರರಲ್ಲಿ ಯಾವುದನ್ನ ಉಳಿಸ್ಲಿ?"

"ಸಂಬಳ ಬರೋಳನ್ನ ಉಳ್ಸು ಕಣಮ್ಮ," ಅಂದು, ಸಂಜೆ ಪಾಳಿಯವರ ಟೀಗೆ ನೀರಿಟ್ಟೆ.