ಹೈದರಾಬಾದಿಗೆ ಎಷ್ಟು ಬುತ್ತಿ?

ಹುಬ್ಬಳ್ಳಿಯಿಂದ ಹೈದರಾಬಾದಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮಗಳು ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಬಾಣಂತಿ ಗೆಳತಿಯನ್ನು ನೋಡಿ ಬರಬೇಕಂತೆ. ತಾಸಿನ ಮೇಲೆ ಚೂರು ಎಂದಿತು ಮೊಬೈಲು. ಅಷ್ಟರಲ್ಲಿ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ನನಗೆ ಅಲ್ಲಿಯ ಹಸೀನಾ ಖಾಲಾ ಜೊತೆ ಹೋದ ಪ್ರಯಾಣ ನೆನಪಾಯಿತು.

ಬ್ಯಾಡಗಿಯ ನಮ್ಮ ಓಣಿಗೆಲ್ಲ ಅವರು ಖಾಲಾನೇ, ಅಂದರೆ ಚಿಕ್ಕಮ್ಮ. ಅವರು ದೂರ ಅಳೆಯುವುದು ಬುತ್ತಿಯಿಂದ. ಕದರಮಂಡಲಗಿಗೆ ಬುತ್ತಿ ಬೇಡ. ರಾಣೆಬೆನ್ನೂರಿಗೂ ಬೇಡ, ಆದರೆ ಬಸ್ಸು ಕೆಟ್ಟೀತು, ಒಂದು ರೊಟ್ಟಿ ಇರಲಿ. ಹೈದರಾಬಾದು ಮಾತ್ರ ರೈಲಿನಲ್ಲಿ ಎರಡು ಬುತ್ತಿಯ ದಾರಿ. ಎಷ್ಟೇ ಹಸಿದರೂ ಬುತ್ತಿಯ ಕೊನೆಯ ರೊಟ್ಟಿಯನ್ನು ದಾರಿಯಲ್ಲಿ ಮುಟ್ಟುವಂತಿಲ್ಲ, ಅದು ಹೋದ ಮನೆಯವರ ಪಾಲು. ಈ ಕಟ್ಟಳೆ ಅವರ ತಾಯಿಯ ಕಾಲದ್ದು.

ಹೈದರಾಬಾದಿನಲ್ಲಿ ಅವರ ಅಕ್ಕ ಇದ್ದರು. ಕೆಲವು ವರ್ಷಗಳ ಹಿಂದೆ ಜ್ವರದಿಂದ ಎದ್ದ ಆ ಅಕ್ಕ ಊಟವನ್ನೇ ಬಿಟ್ಟರು. ಏನು ಬಡಿಸಿದರೂ ತಟ್ಟೆ ಸರಿಸುತ್ತಾರೆ ಎಂದು ಅಕ್ಕನ ಮಗ ಫೋನು ಮಾಡಿದ. ಖಾಲಾಗೆ ಮೊಣಕಾಲು ನೋವು, ರೈಲು ಆಗದು. ನನಗೂ ಅಲ್ಲೊಂದು ಮದುವೆ ಇತ್ತು. ವಿಮಾನದಲ್ಲಿ ಕರೆದೊಯ್ಯುತ್ತೇನೆ ಎಂದೆ. ಅದಕ್ಕೂ ಮೊದಲು ನಾನು ಒಂದು ಸಲ ವಿಮಾನ ಹತ್ತಿದ್ದೆ. ಆ ಒಂದು ಸಲದ ಬಲದ ಮೇಲೆ ಓಣಿಗೆಲ್ಲ ಉಪದೇಶ ಮಾಡುತ್ತಿದ್ದೆ.

“ಎಷ್ಟು ಬುತ್ತಿ ಕಟ್ಲೆಪಾ?” ಎಂದರು ಖಾಲಾ.

“ಒಂದೂ ಬ್ಯಾಡ. ತಾಸಿನ್ಯಾಗ ಇಳಿತೀವಿ.”

“ತಾಸರ ಆಗಲಿ, ಗಳಿಗಿಯರ ಆಗಲಿ. ಅಕ್ಕನ ಮನಿಗೆ ಬರಿಗೈಲೆ ಹ್ಯಾಂಗ ಹೋಗ್ಲಿ?”

ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡರು. ನಿಲ್ದಾಣದ ತಪಾಸಣೆಯವರು ಈ ಗಂಟನ್ನು ತಡೆಯುತ್ತಾರೆಂದು ನಾನು ಹೆದರಿದ್ದೆ. ತಡೆದದ್ದು ನನ್ನ ಕೈಚೀಲವನ್ನು. ಮದುವೆ ಮನೆಗೆಂದು ಅದರಲ್ಲಿ ಖಾರದಪುಡಿ ಇಟ್ಟಿದ್ದೆ. ಬ್ಯಾಡಗಿಯವರು ಯಾವ ಊರಿಗೆ ಹೊರಟರೂ ಇದನ್ನು ಬಿಡುವುದಿಲ್ಲ. ವಿಮಾನದವರ ಲೆಕ್ಕದಲ್ಲಿ ಅದು ಆಯುಧವಂತೆ. ಪುಡಿ ಅಲ್ಲೇ ಉಳಿಯಿತು, ರೊಟ್ಟಿ ಮುಂದೆ ಹೋಯಿತು.

“ಎಲ್ಲಾ ಗೊತ್ತೈತಿ ಅಂದಿದ್ದಿ,” ಎಂದರು ಖಾಲಾ, ಅಷ್ಟೇ.

ವಿಮಾನದಲ್ಲಿ ಅವರು ಕಿಟಕಿಯ ಹೊರಗೆ ನೋಡಲೇ ಇಲ್ಲ. ಗಂಟನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದರು. “ಆಪಾ ತಿಂತಾಳಲ್ಲ?” ಎಂದು ಅಕ್ಕನ ಬಗ್ಗೆ ಕೇಳಿದರು. ತಿಂತಾರ ಎಂದೆ. ಒಳಗೊಳಗೆ ನನಗೂ ಭಯವಿತ್ತು. ಬುತ್ತಿ ಬಿಚ್ಚುವಷ್ಟು ದಾರಿಯೇ ಇರಲಿಲ್ಲ, ಗಂಟು ಇದ್ದಂತೆಯೇ ಇಳಿದೆವು.

ಆಪಾ ಮಂಚದ ಮೇಲೆ ಸಣ್ಣಗಾಗಿ ಕೂತಿದ್ದರು. ಖಾಲಾ ಗಂಟು ಬಿಚ್ಚಿ ಒಂದು ರೊಟ್ಟಿ ಕೊಟ್ಟರು. ಆಪಾ ಅದನ್ನು ಮಡಚಿದರು. ಇನ್ನೊಮ್ಮೆ ಮಡಚಿದರು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದರು:

“ಇದು ಮುರೀವಲ್ದಲ್ಲ. ಲಗ್ನ ಆಗಿ ಬಂದಾಗಿಂದ ತವರಮನಿ ರೊಟ್ಟಿ ನನಗ ಒಣಗಿದ್ದ ಬರ್ತಿತ್ತು, ಅದೂ ಒಂದ. ಖರೇ ಹೇಳ್ತೇನಿ, ಮೆತ್ತಗಿಂದು ಇವತ್ತ ಬಂದೈತಿ ನೋಡು.”

ಹಾಲಿನಲ್ಲಿ ಅದ್ದಿ ತಿಂದರು. ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು. ಖಾಲಾ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಪ್ಪಾ, ಇಷ್ಟ ದಾರಿಗೆ ಬುತ್ತಿ ಎದಕ್ಕ, ಹೌದಿಲ್ಲೋ?” ಮಗಳು ಮೊಬೈಲು ಕೆಳಗಿಟ್ಟು ಕೇಳಿದಳು.

“ಕಟ್ಟಿಕೊಂಡು ಹೋಗು,” ಎಂದೆ. “ದಾರ್ಯಾಗ ಬಿಚ್ಚಬ್ಯಾಡ. ಎಲ್ಲಾ ಆ ಬಾಣಂತಿಗೇ ಕೊಡು.”